ಹೊಸ ಆಂಪ್ಲಿಫೈಯರ್‌ಗೆ ಮುನ್ನ ಕೊರತೆಗೊಂದು ಹೆಸರು

ಚೆನ್ನೈನ ಮೌಂಟ್ ರೋಡಿನಿಂದ ಚಿಂತಾದ್ರಿಪೇಟೆಯ ಕಡೆಗೆ ತಿರುಗಿದರೆ ರಿಚಿ ಸ್ಟ್ರೀಟ್ ಸಿಗುತ್ತದೆ. ಸಿಸಿಟಿವಿ ಕ್ಯಾಮೆರಾ, ಲ್ಯಾಪ್‌ಟಾಪ್ ಬ್ಯಾಟರಿ, ರಿಮೋಟು, ಮೀಟರುಗಟ್ಟಲೆ ವೈರು ಮಾರುವ ಈ ಬೀದಿಯಲ್ಲಿ ಅಂಗೈಯಗಲದ ಆಂಪ್ಲಿಫೈಯರ್ ಬೋರ್ಡುಗಳೂ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಮನೆಗೆ ತಂದು, ಹಳೆಯ ಲ್ಯಾಪ್‌ಟಾಪಿನ ಅಡಾಪ್ಟರ್ ಜೋಡಿಸಿ, ಅಟ್ಟದ ಮೇಲಿದ್ದ ಸ್ಪೀಕರುಗಳಿಗೆ ತಂತಿ ಕೊಟ್ಟರೆ ಹಾಡು ಬರುತ್ತದೆ. ಕೊಟ್ಟ ದುಡ್ಡಿಗೆ ಹೋಲಿಸಿದರೆ ಅಚ್ಚರಿಯಾಗುವಷ್ಟು ಚೆನ್ನಾಗಿಯೇ ಬರುತ್ತದೆ. ಆಮೇಲೆ ಶುರುವಾಗುವುದು ತಿದ್ದುಪಡಿ. ಒಂದು ವಾರ ಕೆಪಾಸಿಟರ್ ಬದಲು, ಮುಂದಿನ ವಾರ ವಾಲ್ಯೂಮ್ ಗುಂಡಿ ಬದಲು, ತಿಂಗಳ ಕೊನೆಗೆ ಬೇರೆ ಪವರ್ ಸಪ್ಲೈ. ವರ್ಷ ಕಳೆಯುವಷ್ಟರಲ್ಲಿ ಬೋರ್ಡಿಗಿಂತ ತಿದ್ದುಪಡಿಗೇ ಹೆಚ್ಚು ಖರ್ಚಾಗಿರುತ್ತದೆ. ಆಗ ಪ್ರಶ್ನೆ ಏಳುತ್ತದೆ: ಇನ್ನು ಇದನ್ನು ಬದಿಗಿಟ್ಟು ‘ಒಳ್ಳೆಯ’ ಆಂಪ್ಲಿಫೈಯರ್ ಕೊಳ್ಳಬೇಕೇ?

ಕೊಳ್ಳಬಹುದು, ಒಂದು ಷರತ್ತಿನ ಮೇಲೆ. ಈಗಿರುವುದರಲ್ಲಿ ಏನು ಕೊರತೆ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಲು ಬರಬೇಕು. ‘ಇನ್ನೂ ಚೆನ್ನಾಗಿರಬೇಕು’ ಎಂಬುದು ಆಸೆಯಷ್ಟೆ. ‘ಮೃದಂಗದ ಏಟು ಜೋರಾದಾಗ ಹಾಡುವವರ ದನಿಯೂ ಸೀಳುತ್ತದೆ’ ಎಂಬುದು ಕೊರತೆ. ಮೊದಲನೆಯದಕ್ಕೆ ಅಂಗಡಿಯವರ ಬಳಿ ಎಷ್ಟು ಬೆಲೆಗಾದರೂ ಉತ್ತರವಿರುತ್ತದೆ. ಎರಡನೆಯದಕ್ಕೆ ಮಾತ್ರ ನಿಜವಾದ ಪರಿಹಾರವಿರುತ್ತದೆ.

ಈ ಯಂತ್ರದ ಹೆಸರಿನಲ್ಲೇ ಗೊಂದಲವಿದೆ. ಎಲ್ಲರೂ ಇದನ್ನು ಡಿಜಿಟಲ್ ಆಂಪ್ಲಿಫೈಯರ್ ಎನ್ನುತ್ತಾರೆ. ಸರಿಯಾದ ಹೆಸರು ಕ್ಲಾಸ್ ಡಿ. ಎ, ಬಿ, ಸಿ ಆದ ಮೇಲೆ ಬಂದದ್ದರಿಂದ ಡಿ, ಡಿಜಿಟಲ್ ಎಂಬುದಕ್ಕೂ ಆ ಅಕ್ಷರಕ್ಕೂ ನಂಟಿಲ್ಲ. ಇದರೊಳಗಿನ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತವೆ. ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಸಂಗೀತದ ಅಲೆ ನಿರ್ಧರಿಸುತ್ತದೆ. ಕೊನೆಯಲ್ಲಿರುವ ಒಂದು ಸುರುಳಿ ಮತ್ತು ಕೆಪಾಸಿಟರ್ ಆ ಮಿಡಿತಗಳನ್ನು ಸೋಸಿ ಮತ್ತೆ ಅಲೆಯಾಗಿಸುತ್ತವೆ. ಅರೆತೆರೆದ ಸ್ಥಿತಿಯಲ್ಲಿ ಟ್ರಾನ್ಸಿಸ್ಟರ್ ನಿಲ್ಲುವುದೇ ಇಲ್ಲವಾದ್ದರಿಂದ ಶಾಖವಾಗಿ ಹೋಗುವ ವಿದ್ಯುತ್ತು ಬಹಳ ಕಡಿಮೆ. ಅಗ್ನಿ ನಕ್ಷತ್ರದ ದಿನಗಳಲ್ಲಿ, ಹೊರಗೆ 40 ಡಿಗ್ರಿ ಇರುವಾಗ, ಕೋಣೆಯಲ್ಲಿ ಇನ್ನೊಂದು ಒಲೆ ಬೇಡ ಎನ್ನುವ ಊರಿಗೆ ಇದು ಸಣ್ಣ ಉಪಕಾರವಲ್ಲ.

ಅಗ್ಗದ ಕ್ಲಾಸ್ ಡಿ ಗೀಳಿನ ಮೂಲ ಕ್ಯಾಲಿಫೋರ್ನಿಯಾದಲ್ಲಿದೆ. ಆದ್ಯ ತ್ರಿಪಾಠಿ 1995ರಲ್ಲಿ ಕಟ್ಟಿದ ಟ್ರೈಪಾಥ್ ಕಂಪನಿ ತನ್ನ ವಿನ್ಯಾಸವನ್ನು ‘ಕ್ಲಾಸ್ ಟಿ’ ಎಂದು ಕರೆಯಿತು. ಅದರ ಟಿಎ2024 ಚಿಪ್ಪನ್ನು ಹೊತ್ತ ಸೋನಿಕ್ ಇಂಪ್ಯಾಕ್ಟ್‌ನ ಟಿ-ಆಂಪ್ ಎಂಬ ಪ್ಲಾಸ್ಟಿಕ್ ಡಬ್ಬಿ, ಎಂಟು ಪೆನ್ಸಿಲ್ ಸೆಲ್ ಹಾಕಿದರೆ ಹಾಡುತ್ತಿತ್ತು. ಸಾವಿರಾರು ಡಾಲರಿನ ಯಂತ್ರಗಳ ಜೊತೆ ಅದನ್ನು ಹೋಲಿಸಿ ಹೊಗಳುವವರು ಹುಟ್ಟಿಕೊಂಡರು, ಬೆನ್ನಿಗೇ ಅದನ್ನು ಬಿಚ್ಚಿ ತಿದ್ದುವವರೂ ಹುಟ್ಟಿಕೊಂಡರು. ಕಂಪನಿ 2007ರಲ್ಲಿ ದಿವಾಳಿಯೆದ್ದಿತು. ಎರಡು ವರ್ಷದ ಬಳಿಕ ಐಇಇಇ ಸ್ಪೆಕ್ಟ್ರಮ್ ಪತ್ರಿಕೆ ಜಗತ್ತನ್ನು ಅಲುಗಾಡಿಸಿದ 25 ಚಿಪ್ಪುಗಳ ಪಟ್ಟಿ ಮಾಡಿದಾಗ ಟ್ರೈಪಾಥ್‌ನ ಟಿಎ2020 ಅದರಲ್ಲಿತ್ತು. ಇಂದಿನ ಅಗ್ಗದ ಬೋರ್ಡುಗಳಲ್ಲಿ ಹೆಚ್ಚಾಗಿ ಕಾಣುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116ರಂಥ ಚಿಪ್ಪುಗಳು.

ತಿದ್ದುವುದರಲ್ಲಿ ಅರ್ಥವಿಲ್ಲ ಎಂದಲ್ಲ. ಒಳಬರುವ ಸಂಕೇತದ ದಾರಿಯಲ್ಲಿರುವ ಕೆಪಾಸಿಟರ್ ತೀರಾ ಚಿಕ್ಕದಾದರೆ ಮಂದ್ರ ಸ್ವರಗಳು ಸೋರಿಹೋಗುತ್ತವೆ. 20 ಕಿಲೋಓಮ್ ಎದುರು 0.1 ಮೈಕ್ರೋಫ್ಯಾರಡ್ ಇದ್ದರೆ ಸುಮಾರು 80 ಹರ್ಟ್ಸ್‌ನಿಂದಲೇ ಕೆಳಗಿನದೆಲ್ಲ ಇಳಿಯತೊಡಗುತ್ತದೆ. ಅದನ್ನು 1 ಮೈಕ್ರೋಫ್ಯಾರಡ್‌ಗೆ ಏರಿಸಿದರೆ ಆ ಗಡಿ 8 ಹರ್ಟ್ಸ್‌ಗೆ ಹೋಗುತ್ತದೆ. ಇದು ಕಿವಿಗೆ ಕೇಳುವ ಬದಲಾವಣೆ. ಅಲ್ಲಿಂದ ಮುಂದೆ ಅದೇ ಅಳತೆಯ, ಹತ್ತು ಪಟ್ಟು ಬೆಲೆಯ ಕೆಪಾಸಿಟರ್ ಹಾಕಿದರೆ ಬದಲಾಗುವುದು ಹೆಚ್ಚಾಗಿ ಜೇಬು.

ತಿದ್ದುಪಡಿಯಿಂದ ಸುಲಭವಾಗಿ ದಾಟಲಾಗದ ಮಿತಿಗಳು ಮೂರಿವೆ. ಆಂಪ್ಲಿಫೈಯರ್ ಬದಲಿಸಲು ನ್ಯಾಯವಾದ ಕಾರಣಗಳೂ ಇವೇ.

ಮೊದಲನೆಯದು ಶಕ್ತಿ. ಡಬ್ಬಿಯ ಮೇಲೆ 100 ವಾಟ್ ಎಂದು ಬರೆದಿದ್ದರೂ ಜೊತೆಗೆ ಕೊಟ್ಟಿರುವುದು 12 ವೋಲ್ಟಿನ ಅಡಾಪ್ಟರ್ ಆದರೆ, 8 ಓಮ್ ಸ್ಪೀಕರಿಗೆ ಒಂದು ಕಡೆಗೆ 9 ವಾಟಿಗಿಂತ ಹೆಚ್ಚು ಶುದ್ಧ ಶಕ್ತಿ ಸಿಗಲು ಸಾಧ್ಯವೇ ಇಲ್ಲ. 4 ಓಮ್ ಆದರೆ 18. ಇದು ಶಾಲೆಯ ಭೌತಶಾಸ್ತ್ರ. 24 ವೋಲ್ಟ್ ಕೊಟ್ಟರೆ 8 ಓಮ್‌ಗೆ 36 ವಾಟಿನ ಗಡಿ ತಲುಪುತ್ತದೆ. ಆದರೆ ಟ್ರೈಪಾಥ್‌ನ ಚಿಕ್ಕ ಚಿಪ್ಪುಗಳು 12 ವೋಲ್ಟಿನ ಆಸುಪಾಸಿಗೆ ಮಾಡಿದವು, ಲ್ಯಾಪ್‌ಟಾಪಿನ 19 ವೋಲ್ಟ್ ಕೊಟ್ಟರೆ ಸುಟ್ಟುಹೋಗುತ್ತವೆ. ಕರ್ನಾಟಕ ಸಂಗೀತ ಕೇಳುವ ಮನೆಯಲ್ಲಿ ಈ ಮಿತಿ ಬೇಗ ಗೊತ್ತಾಗುತ್ತದೆ. ಮೃದಂಗದ ಕಪ್ಪು ಬೊಟ್ಟು ಅದರ ದನಿಗೆ ತಂತಿವಾದ್ಯದಂಥ ಸ್ವರಸಂಬಂಧ ತರುತ್ತದೆಂದು ಸಿ.ವಿ. ರಾಮನ್ 1920ರಲ್ಲೇ ತೋರಿಸಿದ್ದರು. ಹಾಗಾಗಿ ಅದರ ಏಟು ಬರೀ ಸದ್ದಲ್ಲ, ಶ್ರುತಿ ಕೂಡಿದ ಸ್ವರ. ತನಿ ಆವರ್ತನದಲ್ಲಿ ಆ ಏಟುಗಳ ಶಿಖರ ಸರಾಸರಿ ಮಟ್ಟಕ್ಕಿಂತ ಬಹಳ ಮೇಲೆ ಹೋಗುತ್ತದೆ. ಶಕ್ತಿ ಸಾಲದಿದ್ದಾಗ ಶಿಖರ ಕತ್ತರಿಸಿಹೋಗಿ ಸ್ವರದ ಜಾಗದಲ್ಲಿ ತಗಡು ಬಡಿದ ಸದ್ದು ಉಳಿಯುತ್ತದೆ. ಇಂಥ ಕಡೆ 9 ವಾಟಿನಿಂದ 18ಕ್ಕೆ ಹೋದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರೆನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಏರುವುದಾದರೆ ದೊಡ್ಡ ಮೆಟ್ಟಿಲನ್ನೇ ಏರಬೇಕು.

ಎರಡನೆಯದು ಕೊನೆಯ ಸೋಸುಕ. ಅಗ್ಗದ ಬೋರ್ಡುಗಳಲ್ಲಿ ಚಿಪ್ಪು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಕೊಂಡಿ ಈ ಸೋಸುಕದ ಮುಂಚೆಯೇ ಮುಗಿಯುತ್ತದೆ. ಸೋಸುಕದಲ್ಲಾಗುವ ವ್ಯತ್ಯಾಸ ಅದಕ್ಕೆ ತಿಳಿಯುವುದೇ ಇಲ್ಲ. 4 ಓಮ್‌ಗೆ ಹೊಂದಿಸಿದ ಸೋಸುಕಕ್ಕೆ 8 ಓಮ್ ಸ್ಪೀಕರ್ ಜೋಡಿಸಿದರೆ ತೀರಾ ಮೇಲಿನ ಸ್ವರಗಳು ಉಬ್ಬುತ್ತವೆ, ತಿರುಗುಮುರುಗಾದರೆ ಕುಗ್ಗುತ್ತವೆ. ಒಂದೇ ಬೋರ್ಡು ಒಬ್ಬರ ಮನೆಯಲ್ಲಿ ಚುರುಕು, ಇನ್ನೊಬ್ಬರಲ್ಲಿ ಮಂಕು ಎನಿಸಿಕೊಳ್ಳಲು ಇದೊಂದು ಕಾರಣ. ಖಂಜೀರದ ಬಿಲ್ಲೆ, ಗೆಜ್ಜೆ, ತಾಳದ ಅಂಚಿನಲ್ಲಿ ಇದು ಕೇಳಿಸಬಹುದು. ಫಿಲಿಪ್ಸ್‌ನಲ್ಲಿದ್ದಾಗ ಬ್ರೂನೋ ಪುಟ್ಜೇಸ್ ರೂಪಿಸಿದ ಯುಸಿಡಿ ವಿನ್ಯಾಸ, ಆಮೇಲಿನ ಹೈಪೆಕ್ಸ್, ಪ್ಯೂರಿಫೈ ಮಾಡ್ಯೂಲುಗಳು ಆ ಕೊಂಡಿಯನ್ನು ಸೋಸುಕದ ಆಚೆಗೆ ಒಯ್ದವು. ಅಲ್ಲಿ ಸ್ಪೀಕರ್ ಯಾವುದಾದರೂ ದನಿ ಒಂದೇ. ಹೆಚ್ಚು ಹಣ ಕೊಟ್ಟಾಗ ನಿಜವಾಗಿ ಸಿಗುವ ವಸ್ತು ಇದು.

ಮೂರನೆಯದು ಸುರಕ್ಷತೆ. ಬಿಸ್ಕತ್ತಿನ ಡಬ್ಬಿಯೊಳಗೆ ಕೂರಿಸಿದ ಬೋರ್ಡು, ಟೇಪು ಸುತ್ತಿದ ಪವರ್ ಸಪ್ಲೈ, ಸಮುದ್ರದ ಗಾಳಿಗೆ ಹಸಿರುಗಟ್ಟುವ ಬೆಸುಗೆ, ಮಕ್ಕಳಿರುವ ಮನೆ. ಇಷ್ಟಿದ್ದರೆ ದನಿಯ ಮಾತೇ ಬೇಡ, ಬದಲಿಸಲು ಇಷ್ಟೇ ಸಾಕು.

ಈ ಮೂರರಲ್ಲಿ ಯಾವುದೂ ಇಲ್ಲದಿದ್ದರೆ? ಹೋಲಿಸಿ ನೋಡುವುದು ನ್ಯಾಯ. ಗೆಳೆಯರಿಂದ ಒಂದು ಆಂಪ್ಲಿಫೈಯರ್ ಎರವಲು ತಂದು, ಒಂದೇ ಸ್ಥಾಯಿಯ ಪರೀಕ್ಷಾ ನಾದ ನುಡಿಸಿ, ಸ್ಪೀಕರಿನ ತುದಿಗಳಲ್ಲಿ ಮಲ್ಟಿಮೀಟರ್ ಇಟ್ಟು ಎರಡರ ವೋಲ್ಟೇಜನ್ನೂ ಸಮ ಮಾಡಬೇಕು. ತುಸು ಜೋರಾಗಿರುವುದೇ ಕಿವಿಗೆ ಚೆಂದ ಎನಿಸುವುದರಿಂದ ಈ ಹೆಜ್ಜೆ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಆಮೇಲೆ ಯಾವುದು ಹಾಡುತ್ತಿದೆ ಎಂದು ಹೇಳದೆ ಮನೆಯವರು ಬದಲಿಸುತ್ತಾ ಹೋಗಲಿ. ಒಂದು ಎಚ್ಚರಿಕೆ: ಇಂಥ ಬಹುಪಾಲು ಬೋರ್ಡುಗಳಲ್ಲಿ ಸ್ಪೀಕರಿನ ಎರಡೂ ತಂತಿಗಳಿಗೆ ವಿದ್ಯುತ್ತು ಹರಿಯುತ್ತದೆ. ಎಡ ಬಲದ ಮೈನಸ್ ತಂತಿಗಳನ್ನು ಒಟ್ಟು ಸೇರಿಸುವ ಸ್ವಿಚ್ ಪೆಟ್ಟಿಗೆ ಬಳಸಿದರೆ ಚಿಪ್ಪು ಹೋಗುತ್ತದೆ. ತಂತಿ ಬಿಚ್ಚಿ ಹಾಕುವುದೇ ಕ್ಷೇಮ.

ಏನನ್ನು ಕೇಳುತ್ತೇವೆ ಎಂಬುದೂ ಲೆಕ್ಕಕ್ಕೆ ಬರಬೇಕು. ಐವತ್ತು, ಅರವತ್ತರ ದಶಕದ ಕನ್ನಡ ಚಿತ್ರಗೀತೆಗಳಲ್ಲಿ ಬಹುಪಾಲು ಇದೇ ಮದ್ರಾಸಿನಲ್ಲಿ ಧ್ವನಿಮುದ್ರಣವಾದವು. ಪಿ.ಬಿ. ಶ್ರೀನಿವಾಸರ ದನಿ ಆಗ ಬಂದದ್ದು ಮೋನೋದಲ್ಲಿ. ಆ ಮುದ್ರಿಕೆಗಳಲ್ಲಿ ತೀರಾ ತಳದ, ತೀರಾ ಮೇಲಿನ ಸ್ವರಾಂಶಗಳು ಕಡಿಮೆ. ಇರುವುದೆಲ್ಲ ನಡುವೆ, ಮನುಷ್ಯನ ಕಂಠದಲ್ಲಿ. ಸೀಲಿಂಗ್ ಫ್ಯಾನ್ ತಿರುಗುವ ಕೋಣೆಯಲ್ಲಿ, ಪಕ್ಕದ ಫ್ಲಾಟಿಗೆ ತೊಂದರೆಯಾಗದಂತೆ ಅದನ್ನು ಕೇಳಲು ಬೇಕಾಗುವುದು ಹೆಚ್ಚೆಂದರೆ ಒಂದೆರಡು ವಾಟ್. ರಿಚಿ ಸ್ಟ್ರೀಟಿನ ಬೋರ್ಡು ಆ ಕೆಲಸವನ್ನು ಕೊರತೆಯಿಲ್ಲದೆ ಮಾಡುತ್ತದೆ.

ಸಂಗೀತ ಸುಖಕ್ಕಾಗಿ, ಅದಕ್ಕೇಕೆ ಮೀಟರು ಎಂದು ಕೇಳುವವರಿದ್ದಾರೆ. ಮಾತು ಸರಿಯೇ. ಅಂದವಾದ ಪೆಟ್ಟಿಗೆ, ಕೈಗೆ ರಿಮೋಟು, ಮೂರು ವರ್ಷದ ವಾರಂಟಿ, ಮನೆಯವರು ಯಾರಾದರೂ ಹೆದರದೆ ಹಚ್ಚಬಹುದಾದ ಯಂತ್ರ ಇವೆಲ್ಲ ಕೊಳ್ಳಲು ಗೌರವದ ಕಾರಣಗಳೇ. ಆದರೆ ಅವುಗಳನ್ನು ಆ ಹೆಸರಿನಲ್ಲೇ ಕೊಳ್ಳಬೇಕು. ರಿಮೋಟಿಗೆ ಕೊಟ್ಟ ದುಡ್ಡನ್ನು ‘ದನಿಯ ಪರದೆ ಸರಿಯಿತು’ ಎಂದು ಹೇಳಿಕೊಂಡರೆ, ಮುಂದಿನ ವರ್ಷ ಇನ್ನೊಂದು ಪರದೆ ಸರಿಸಲು ಇನ್ನೊಂದು ತಿಂಗಳ ಬಾಡಿಗೆಯಷ್ಟು ದುಡ್ಡು ಬೇಕಾಗುತ್ತದೆ. ಈ ಮಾರುಕಟ್ಟೆಯ ದೊಡ್ಡ ನಷ್ಟ ಹಣದ್ದೂ ಅಲ್ಲ, ಅದು ಕೇಳುಗರಿಗೆ ತಮ್ಮ ಕಿವಿಯ ಮೇಲೇ ನಂಬಿಕೆ ತಪ್ಪಿಸುತ್ತದೆ. ಬೆಸುಗೆ ಕಡ್ಡಿ ಹಿಡಿದು ಬೋರ್ಡು ತಿದ್ದಿದವರು, ಯಾವ ಬದಲಾವಣೆ ಕೇಳಿಸಿತು, ಯಾವುದು ಕೇಳಿಸಲಿಲ್ಲ ಎಂಬ ಅನುಭವವನ್ನಾದರೂ ಗಳಿಸಿರುತ್ತಾರೆ. ಹೊಸದನ್ನು ಕೊಳ್ಳುವಾಗ ಆ ಅನುಭವವನ್ನು ಅಂಗಡಿಯ ಹೊರಗೆ ಬಿಟ್ಟು ಹೋಗಬಾರದು.

ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣದಿದ್ದರೆ ಆ ಹಣಕ್ಕೆ ಮೊದಲ ಹಕ್ಕು ಸ್ಪೀಕರುಗಳದ್ದು. ಆಂಪ್ಲಿಫೈಯರುಗಳ ನಡುವಿನ ಅಂತರಕ್ಕಿಂತ ಸ್ಪೀಕರುಗಳ ನಡುವಿನ ಅಂತರ ಬಹಳ ದೊಡ್ಡದು. ಎರಡನೆಯ ಹಕ್ಕು ಕೋಣೆಯದ್ದು: ಒಂದು ದಪ್ಪ ಜಮಖಾನೆ, ಬರಿಗೋಡೆಗೆ ಪುಸ್ತಕದ ಕಪಾಟು, ಗೋಡೆಯಿಂದ ಒಂದಡಿ ಮುಂದೆ ಬಂದ ಸ್ಪೀಕರು. ಡಿಸೆಂಬರಿನ ಸಂಗೀತೋತ್ಸವದಲ್ಲಿ ಚೆನ್ನೈನ ಹಲವು ಸಭಾಗಳ ಮಧ್ಯಾಹ್ನದ ಕಚೇರಿಗಳಿಗೆ ಟಿಕೆಟ್ಟೂ ಬೇಕಿಲ್ಲ. ಮುಂದಿನ ಸಾಲಿನಲ್ಲಿ ಕೂತು ಮೃದಂಗದ ಒಂದು ಏಟನ್ನು ಹತ್ತಿರದಿಂದ ಕೇಳಿ ಬಂದು, ಅದೇ ಸಂಜೆ ಮನೆಯ ಬೋರ್ಡಿಗೆ ಕಿವಿಗೊಟ್ಟರೆ, ಕೊರತೆ ಇದ್ದಲ್ಲಿ ಅದರ ಹೆಸರು ತಾನಾಗಿಯೇ ಹೊಳೆಯುತ್ತದೆ.