ಸುಳ್ಳು ಸುದ್ದಿಗೂ ಬ್ಯಾಂಕ್ ಬೀಳುತ್ತಾ? ನೊಬೆಲ್ ಗೆದ್ದ ಡೈಮಂಡ್ ಲೆಕ್ಕ ಇಲ್ಲಿದೆ

‘ಆ ಬ್ಯಾಂಕ್‌ನಲ್ಲಿ ದುಡ್ಡಿಲ್ವಂತೆ’ ಅನ್ನೋ ಒಂದು ವಾಟ್ಸಾಪ್ ಮೆಸೇಜ್ ಸಾಕು, ಮರುದಿನ ಬೆಳಗ್ಗೆ ಶಾಖೆ ಮುಂದೆ ಕ್ಯೂ ನಿಲ್ಲುತ್ತೆ. ಮೆಸೇಜ್ ಸುಳ್ಳೇ ಆಗಿದ್ದರೂ ಬ್ಯಾಂಕ್ ನಿಜವಾಗಿ ಬೀಳಬಹುದು. ಅದು ಹೇಗೆ ಅಂತ 40 ವರ್ಷಗಳ ಹಿಂದೆಯೇ ತೋರಿಸಿಕೊಟ್ಟವರು ಅಮೆರಿಕದ ಅರ್ಥಶಾಸ್ತ್ರಜ್ಞ ಡಗ್ಲಾಸ್ ಡೈಮಂಡ್.

1953ರಲ್ಲಿ ಜನಿಸಿದ ಡೈಮಂಡ್, ಯೇಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ ಮಾಡಿದವರು. 1979ರಿಂದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ, ಸಂಶೋಧನೆ. ಆರ್‌ಬಿಐ ಮಾಜಿ ಗವರ್ನರ್ ರಘುರಾಂ ರಾಜನ್ ಕೂಡ ಅಲ್ಲಿನ ಪ್ರಾಧ್ಯಾಪಕರೇ. ಇಬ್ಬರೂ ಸೇರಿ ಬ್ಯಾಂಕಿಂಗ್ ಬಗ್ಗೆ ಪ್ರಬಂಧಗಳನ್ನು ಬರೆದಿದ್ದಾರೆ. ಫಿಲಿಪ್ ಡಿಬ್ವಿಗ್ ಜೊತೆ ಡೈಮಂಡ್ 1983ರಲ್ಲಿ ಬರೆದ ಪ್ರಬಂಧವೇ ಅವರಿಗೆ ಹೆಸರು ತಂದಿದ್ದು. 2022ರಲ್ಲಿ ಈ ಇಬ್ಬರಿಗೂ, ಬೆನ್ ಬರ್ನಾಂಕಿ ಅವರಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು.

ಲೆಕ್ಕ ಏನು?

ಉದಾಹರಣೆಗೆ, 100 ಜನ ತಲಾ 1 ಲಕ್ಷ ಇಟ್ಟಿದ್ದಾರೆ ಅಂದುಕೊಳ್ಳಿ. ಒಟ್ಟು 1 ಕೋಟಿ. ಅದರಲ್ಲಿ 80 ಲಕ್ಷ ಅಂಗಡಿ ಸಾಲ, ಮನೆ ಸಾಲಕ್ಕೆ ಹೋಗಿದೆ. ಕೈಯಲ್ಲಿರೋದು 20 ಲಕ್ಷ. ದಿನಕ್ಕೆ ನಾಲ್ಕೈದು ಜನ ಬಂದರೆ ತೊಂದರೆ ಇಲ್ಲ. ಎಲ್ಲರೂ ಒಟ್ಟಿಗೆ ಬಂದರೆ 20 ಜನರಿಗಷ್ಟೇ ಹಣ. ಸಾಲ ಕೊಟ್ಟ ದುಡ್ಡು ಹಾಳಾಗಿಲ್ಲ, ಆದರೆ ಇವತ್ತೇ ವಾಪಸ್ ಬರಲ್ಲ. ಹಾಗಾಗಿ ‘ಬೇರೆಯವರು ಓಡ್ತಾರೆ’ ಅನ್ನೋ ಅನುಮಾನ ಬಂದರೆ ಮೊದಲು ಓಡೋದೇ ಜಾಣತನ ಆಗಿಬಿಡುತ್ತೆ. ಭಯವೇ ಬ್ಯಾಂಕನ್ನು ಕೆಡವುತ್ತೆ.

ಪೆಟ್ಟು ಠೇವಣಿದಾರರಿಗೆ ಮಾತ್ರ ಅಲ್ಲ. ಯಾವ ವ್ಯಾಪಾರಿ ಸರಿಯಾಗಿ ಸಾಲ ಕಟ್ಟುತ್ತಾನೆ ಅನ್ನೋದು ಆ ಬ್ಯಾಂಕ್‌ಗೆ ಗೊತ್ತಿರುತ್ತೆ. ಬ್ಯಾಂಕ್ ಮುಚ್ಚಿದರೆ ಆ ನಂಬಿಕೆಯೂ ಹೋಗುತ್ತೆ, ಒಳ್ಳೆ ವ್ಯಾಪಾರಿಗೂ ಸಾಲ ಸಿಗಲ್ಲ. 1930ರ ದಶಕದ ಮಹಾ ಕುಸಿತ ಅಷ್ಟು ದಿನ ಎಳೆದಿದ್ದಕ್ಕೆ ಇದೂ ಕಾರಣ ಅಂತ ಬರ್ನಾಂಕಿ ತೋರಿಸಿದ್ದರು.

ಮದ್ದು: ಠೇವಣಿ ವಿಮೆ

‘ಬ್ಯಾಂಕ್ ಬಿದ್ದರೂ ನನ್ನ ದುಡ್ಡು ಬರುತ್ತೆ’ ಅನ್ನೋ ಖಾತ್ರಿ ಇದ್ದರೆ ಯಾರೂ ಓಡಲ್ಲ. ಅದಕ್ಕೇ ಠೇವಣಿ ವಿಮೆ ಬೇಕು ಅನ್ನುತ್ತೆ 1983ರ ಪ್ರಬಂಧ. 2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್‌ನಿಂದ ಗ್ರಾಹಕರು ಒಂದೇ ದಿನ 4,200 ಕೋಟಿ ಡಾಲರ್ ತೆಗೆದರು. ಅಲ್ಲಿನ ಬಹುಪಾಲು ಠೇವಣಿ ವಿಮೆಯ ಮಿತಿಗಿಂತ ಮೇಲಿತ್ತು.

ಭಾರತದಲ್ಲಿ 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಬಿದ್ದ ಮೇಲೆ 1961ರಲ್ಲಿ ಕಾನೂನು ಬಂತು. 2020ರ ಫೆಬ್ರವರಿ 4ರಂದು ವಿಮೆ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಅಸಲು, ಬಡ್ಡಿ ಸೇರಿ ಒಬ್ಬರಿಗೆ ಒಂದು ಬ್ಯಾಂಕ್‌ನಲ್ಲಿ ಇಷ್ಟು. ಒಂದೇ ಬ್ಯಾಂಕ್‌ನ ಎರಡು ಶಾಖೆಯಲ್ಲಿ ಹಂಚಿ ಇಟ್ಟರೂ ಲೆಕ್ಕ ಒಂದೇ. ಪ್ರೀಮಿಯಂ ಕಟ್ಟೋದು ಬ್ಯಾಂಕ್, ಗ್ರಾಹಕರಲ್ಲ.

ನಮ್ಮೂರಲ್ಲಿ ಯಾರಿಗುಂಟು, ಯಾರಿಗಿಲ್ಲ?

ರಾಷ್ಟ್ರೀಕೃತ, ಖಾಸಗಿ, ಗ್ರಾಮೀಣ ಬ್ಯಾಂಕ್, ಡಿಸಿಸಿ ಬ್ಯಾಂಕ್, ಪಟ್ಟಣ ಸಹಕಾರ ಬ್ಯಾಂಕ್‌ಗಳಿಗೆ ಈ ವಿಮೆ ಇದೆ. ಕೃಷಿ ಪತ್ತಿನ ಸಹಕಾರ ಸಂಘ, ಪತ್ತಿನ ಸೊಸೈಟಿ, ಬ್ಯಾಂಕ್ ಲೈಸೆನ್ಸ್ ಇಲ್ಲದ ಸೌಹಾರ್ದ ಸಹಕಾರಿ, ಚೀಟಿ, ಫೈನಾನ್ಸ್‌ಗಳಿಗೆ ಇಲ್ಲ. ಹಾಗಂತ ಅವೆಲ್ಲ ಕೆಟ್ಟವು ಅಂತಲ್ಲ. ಪಿಗ್ಮಿ ಕಟ್ಟಿ, ಬೇಗ ಸಾಲ ಪಡೆದು ಅಂಗಡಿ ಬೆಳೆಸಿದವರು ಬಹಳ. ಆದರೆ ಅಲ್ಲಿ ಭಯ ಹುಟ್ಟಿದರೆ ತಡೆಯೋಕೆ ಈ ವಿಮೆ ಇಲ್ಲ. ನಾಳೆ ಠೇವಣಿ ಇಡೋ ಮುಂಚೆ ‘ಬಡ್ಡಿ ಎಷ್ಟು’ ಅನ್ನೋದರ ಜೊತೆಗೆ ‘ವಿಮೆ ಇದೆಯಾ’ ಅಂತಲೂ ಕೌಂಟರ್‌ನಲ್ಲಿ ಕೇಳಬೇಕು.