ಮ್ಯಾಟಿನ ಕೆಳಗಿನ ನೆಲ

ನೆಲದ ವಿಚಾರವನ್ನು ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೆಗಣಿ ಸಾರಿಸಿದ ನೆಲ, ಗಾರೆಯ ನೆಲ, ಶಹಾಬಾದಿ ಫರಸಿಯ ನೆಲ, ಈಗಿನ ಕಾಲು ಜಾರಿಸುವ ಟೈಲ್ಸಿನ ನೆಲ, ಎಲ್ಲವನ್ನೂ ಬಗ್ಗಿ ಬಳಿದು ಒರೆಸಿದವರು ನಾವು. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಕಲ್ಲು ಅಲುಗಾಡುತ್ತದೆ, ಎಲ್ಲಿ ಇರುವೆ ಮಣ್ಣು ಎತ್ತಿದೆ ಎಂಬುದು ಮನೆಯ ಯಜಮಾನರಿಗೆ ತಿಳಿಯುವ ಆರು ತಿಂಗಳ ಮೊದಲೇ ನಮ್ಮ ಅಂಗೈಗೆ ತಿಳಿದಿರುತ್ತದೆ. ಅದೇ ನೆಲ ನಾಲ್ಕು ಗಾಲಿಯ ಮೇಲೆ ಓಡಾಡತೊಡಗಿದರೆ ಮಾತ್ರ ನಾವು ದಡ್ಡರಾಗಿಬಿಡುತ್ತೇವೆ. "ಗಾಡಿ ಮಾತು ನಿಮಗ ತಿಳಿಯಂಗಿಲ್ರಿ ಅಕ್ಕೋರ" ಎಂಬ ಒಂದೇ ವಾಕ್ಯದಲ್ಲಿ ನಮ್ಮನ್ನು ಗ್ಯಾರೇಜಿನ ಹೊರಗಿನ ಬೇವಿನ ಮರದ ನೆರಳಿಗೆ ಕಳಿಸಲಾಗುತ್ತದೆ. ನನ್ನ ಜಗಳ ಈ ವಾಕ್ಯದ ಜೊತೆಗೆ.

ನಮ್ಮ ಮನೆಯಲ್ಲಿ ಒಂದು ಹಳೆಯ ಪಿಕಪ್ ಗಾಡಿ ಇದೆ. ಔರಾದ ತಾಲ್ಲೂಕಿನ ನಮ್ಮ ಹೊಲದಿಂದ ಕಾಯಿಪಲ್ಲೆ, ಹಾಲಿನ ಕ್ಯಾನು, ಸುಗ್ಗಿಯಲ್ಲಿ ಸೋಯಾ ಮತ್ತು ತೊಗರಿಯ ಚೀಲ ಹೊತ್ತು ಭಾಲ್ಕಿಗೂ ಬೀದರಿಗೂ ಬರುತ್ತದೆ, ಹೋಗುವಾಗ ಗೊಬ್ಬರ, ಹಿಂಡಿ, ಸಿಮೆಂಟು ಒಯ್ಯುತ್ತದೆ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ನನಗೆ ಸರಕಾರಿ ಶಾಲೆಯ ಪಗಾರ ಇದ್ದುದರಿಂದ ಸಾಲ ನನ್ನ ಹೆಸರಿಗೆ, ಸಾಲದ ಜೊತೆಗೆ ಗಾಡಿಯೂ ನನ್ನ ಹೆಸರಿಗೆ. ಆದರೆ ಗಾಡಿ ನೋಡಲು ಹೋದವರು ಮನೆಯ ಗಂಡಸರು. ಟೈರಿಗೆ ಒದ್ದರು, ಹಾರ್ನ್ ಬಾರಿಸಿದರು, ಮಾರುವವರು ತರಿಸಿದ ಚಹಾ ಕುಡಿದು "ಗಾಡಿ ಛಲೋ ಅದ" ಎಂದು ಬಂದರು. ಸಹಿ ಮಾಡುವ ಹೊತ್ತಿಗೆ ಮಾತ್ರ ನನ್ನ ನೆನಪಾಯಿತು.

ಮೊದಲ ಮಳೆಗಾಲದಲ್ಲೇ ಗಾಡಿ ಹೊಡೆಯುವ ನಮ್ಮ ಮೈದುನನ ಮಗ ಬಂದು, "ದೊಡ್ಡವ್ವ, ಕಾಲ ಕೆಳಗ ನೀರು ಬರ್ತಾವ" ಅಂದ. ಹೋಗಿ ಮ್ಯಾಟು ಎತ್ತಿದೆ. ಮಾರಿದವರು ಹೊಚ್ಚ ಹೊಸ ಕರಿ ರಬ್ಬರ್ ಮ್ಯಾಟು ಹಾಸಿಕೊಟ್ಟಿದ್ದರಲ್ಲ, ಅದರ ಕೆಳಗೆ ತಗಡು ಹಳೆಯ ಹಪ್ಪಳದ ಹಾಗೆ ಪದರು ಬಿಟ್ಟಿತ್ತು. ಕ್ಲಚ್ಚಿನ ಪಕ್ಕದಲ್ಲಿ ಅಂಗೈಯಷ್ಟು ತೂತು, ತೂತಿನಲ್ಲಿ ನಮ್ಮ ಅಂಗಳದ ಕೆಂಪು ಮಣ್ಣು.

ಊರಿನ ಒಂದು ಗ್ಯಾರೇಜಿಗೆ ಒಯ್ದರೆ ಅಲ್ಲಿನವರು ಬಗ್ಗಿಯೂ ನೋಡಲಿಲ್ಲ. "ಮ್ಯಾಲೊಂದು ತಗಡು ಕೂಡಿಸಿ ಬಿಡ್ತೀವ್ರಿ. ಮ್ಯಾಟ್ ಹಾಕಿದ್ರ ಯಾರಿಗೂ ಕಾಣಂಗಿಲ್ಲ." ಯಾರಿಗೂ ಕಾಣುವುದಿಲ್ಲ! ನಮ್ಮ ಸಮಾಜದ ಎಷ್ಟು ರಿಪೇರಿಗಳು ಈ ಒಂದು ಮಾತಿನ ಮೇಲೆ ನಿಂತಿವೆ ನೋಡಿ. ಗೋಡೆ ಬಿರಿದರೆ ಕ್ಯಾಲೆಂಡರು, ಬೆನ್ನಿನ ಮೇಲೆ ಬಾಸುಂಡೆ ಎದ್ದರೆ ಸೆರಗು, ಗಾಡಿಯ ನೆಲ ಕೊಳೆತರೆ ಮ್ಯಾಟು. ಮೇಲೆ ಥಳಕು ಒಳಗೆ ಹುಳುಕು ಎಂದು ಗಾದೆ ಮಾಡಿದವರೂ ನಾವೇ, ಹುಳುಕಿಗೆ ಥಳಕು ಹಾಸುವವರೂ ನಾವೇ.

ತುಕ್ಕಿಗೆ ನಮ್ಮ ಕಡೆ ಜಂಗು ಎನ್ನುತ್ತಾರೆ. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಒಟ್ಟಿಗೆ ತಾಗಿದರೆ ಜಂಗು ಹತ್ತುತ್ತದೆ. ಅದು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣದ ಕೆಳಗೆ ಗುಳ್ಳೆ ಏಳುತ್ತದೆ. ತಾಮ್ರದ ಕೊಡದ ಮೇಲೆ ಕಟ್ಟುವ ಕಿಲುಬು ಒಳಗಿನ ಲೋಹವನ್ನು ಎಷ್ಟೋ ಕಾಯುತ್ತದೆ. ಜಂಗಿಗೆ ಆ ಗುಣವಿಲ್ಲ. ಪದರು ಪದರಾಗಿ ಉದುರಿ ಒಳಗಿನ ಹೊಸ ಕಬ್ಬಿಣವನ್ನು ಗಾಳಿಗೆ ಒಡ್ಡುತ್ತ ಹೋಗುತ್ತದೆ, ಅಂದರೆ ತಾನಾಗಿ ನಿಲ್ಲುವುದಿಲ್ಲ. "ಬೀದರಿಗಿ ಸಮುದ್ರ ಎಲ್ಲಿ ಅದರಿ, ಇಲ್ಲಿ ಜಂಗು ಹ್ಯಾಂಗ ಹತ್ತತದ" ಎಂದು ಕೇಳುವವರಿದ್ದಾರೆ. ಸಮುದ್ರ ಬೇಕಿಲ್ಲ. ಪೊಟ್ಯಾಷ್ ಗೊಬ್ಬರದಲ್ಲಿ ಅಡುಗೆ ಉಪ್ಪಿನಲ್ಲಿರುವ ಕ್ಲೋರೈಡೇ ಇರುತ್ತದೆ. ಒಡೆದ ಚೀಲದ ಗೊಬ್ಬರ, ಸಂತೆಗೆ ಒಯ್ದ ಕುರಿಗಳ ಗಂಜಲ, ತೊಳೆದ ಸೊಪ್ಪಿನಿಂದ ಸೋರಿದ ನೀರು, ಔರಾದ ಹೊಲಗಳ ಅಂಟು ಎರೆಮಣ್ಣು, ಇವೆಲ್ಲ ಸೇರಿದರೆ ಸಮುದ್ರವೇ ಗಾಡಿಯೊಳಗೆ ಬಂದ ಹಾಗೆ. ಇದರ ಮೇಲೆ ರಬ್ಬರ್ ಮ್ಯಾಟು ಹಾಸಿದರೆ ಕೆಳಗಿನ ತೇವ ಆರುವುದಿಲ್ಲ. ಮ್ಯಾಟು ಜಂಗನ್ನು ಮುಚ್ಚುವುದಷ್ಟೇ ಅಲ್ಲ, ಅದನ್ನು ಸಾಕುತ್ತದೆ. ಕೊಳೆತ ತಗಡಿನ ಮೇಲೆ ಹೊಸ ತಗಡು ಕೂಡಿಸಿದರೂ ಅಷ್ಟೇ. ಎರಡರ ನಡುವೆ ನೀರು ಇಳಿದು ಕೂತು ಹೊಸದನ್ನೂ ತಿನ್ನಲು ಶುರು ಮಾಡುತ್ತದೆ.

ಗಾಡಿಯ ನೆಲ ಕಾಲಿಡುವ ಜಾಗ ಮಾತ್ರವಲ್ಲ. ಸೀಟಿನ ಬೋಲ್ಟು ಅದಕ್ಕೇ ಬಿಗಿದಿರುತ್ತದೆ. ನೆಲ ಸತ್ತರೆ ಡಿಕ್ಕಿಯಾದ ಕ್ಷಣದಲ್ಲಿ ಸೀಟು ಕೂತವರ ಸಮೇತ ಕಿತ್ತು ಬರಬಹುದು. ಕೆಳಗೆ ಸೈಲೆನ್ಸರ್ ಸೋರುತ್ತಿದ್ದರೆ ಆ ತೂತಿನಿಂದಲೇ ಹೊಗೆ ಕ್ಯಾಬಿನ್ನಿಗೆ ಏರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗಾಲದ ನಸುಕಿನಲ್ಲಿ ಕಿಟಕಿ ಏರಿಸಿಕೊಂಡು 40 ಕಿ.ಮೀ. ಆಸುಪಾಸಿನ ದಾರಿ ಹೊಡೆಯುವ ಹುಡುಗನಿಗೆ ತಲೆ ಭಾರವಾದರೆ "ರಾತ್ರಿ ನಿದ್ದಿ ಕೆಟ್ಟಾನ" ಎನ್ನುತ್ತೇವೆ.

ಗಾಡಿಯನ್ನು ನಾನು ಭಾಲ್ಕಿಯ ಒಬ್ಬ ವಯಸ್ಸಾದ ವೆಲ್ಡಿಂಗ್ ಚಾಚಾನ ಬಳಿಗೆ ಕಳಿಸಿದೆ. ಕಳಿಸಿದೆ ಎಂದರೆ ಜೊತೆಗೆ ನಾನೂ ಹೋದೆ, ಸ್ಟೂಲು ಹಾಕಿಸಿಕೊಂಡು ಕೂತೆ. ಮೊದಲು ಬ್ಯಾಟರಿಯ ವೈರು ಬಿಚ್ಚಿದರು, ಸೀಟು ತೆಗೆದರು. ಕೆಳಗೆ ಹಾದುಹೋಗುವ ಡೀಸೆಲ್ ಪೈಪು, ಬ್ರೇಕಿನ ಪೈಪು, ವೈರುಗಳನ್ನು ಸರಿಸಿ, ಪಕ್ಕದಲ್ಲಿ ಮರಳು ತುಂಬಿದ ಬಕೆಟ್ಟು ಇಟ್ಟುಕೊಂಡರು. ಆಮೇಲೆ ಸಣ್ಣ ಸುತ್ತಿಗೆ ಹಿಡಿದು ನೆಲವನ್ನೆಲ್ಲ ತಟ್ಟುತ್ತ ಹೋದರು. ಜೀವವಿರುವ ತಗಡು ಖಣ್ ಎನ್ನುತ್ತದೆ, ಸತ್ತದ್ದು ಬೊದ್ ಎನ್ನುತ್ತದೆ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳು ಮಡಚಿ ತಟ್ಟಿ ನೋಡುವವರಿಗೆ ಈ ವಿದ್ಯೆ ಹೊಸದೆ? ಬೊದ್ ಎಂದ ಕಡೆಗೆಲ್ಲ ಸುಣ್ಣದ ಕಡ್ಡಿಯಿಂದ ಗೆರೆ ಎಳೆದರು. ತೂತು ಅಂಗೈಯಷ್ಟು, ಗೆರೆ ಮೊರದಷ್ಟು.

ಗೆರೆಯಿಂದ ಎರಡು ಬೆರಳು ಆಚೆಗೆ, ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ ತೆಗೆದರು. ಖಾಲಿಯಾದ ಜಾಗಕ್ಕೆ ರಟ್ಟಿನ ಅಳತೆ ತೆಗೆದರು, ನಾವು ಕುಪ್ಪಸಕ್ಕೆ ಹಳೆ ಪೇಪರಿನಲ್ಲಿ ಅಳತೆ ಕತ್ತರಿಸುವುದಿಲ್ಲವೆ, ಹಾಗೆ. 18 ಗೇಜಿನ ತಗಡು, ಅಂದರೆ ಸುಮಾರು 1.2 ಮಿ.ಮೀ. ದಪ್ಪ, ಅದನ್ನು ರಟ್ಟಿನಂತೆ ಕತ್ತರಿಸಿ, ಹಳೆಯ ನೆಲದಲ್ಲಿದ್ದ ಏರುಗೆರೆಗಳನ್ನು ಬಡಿದು ಮೂಡಿಸಿದರು. ಆ ಗೆರೆಗಳು ಚಂದಕ್ಕಲ್ಲ, ತೆಳು ತಗಡಿಗೆ ಬಿಗುವು ಕೊಡುವುದು ಅವೇ. ಮೊದಲು ಅಲ್ಲೊಂದು ಇಲ್ಲೊಂದು ಚುಕ್ಕೆ ವೆಲ್ಡಿಂಗ್, ನಮ್ಮ ಕಚ್ಚಾ ಹೊಲಿಗೆಯಂತೆ. ಆಮೇಲೆ ಒಂದೇ ಕಡೆ ಓಡಿಸದೆ ಈ ಮೂಲೆ, ಆ ಮೂಲೆ ಎಂದು ಬಿಟ್ಟು ಬಿಟ್ಟು ಸೇರಿಸಿದರು. ಒಂದೇ ಸಮನೆ ಕಾಯಿಸಿದರೆ ತಗಡು ಸೊಟ್ಟಗಾಗುತ್ತದೆಯಂತೆ. ಉಜ್ಜಿ, ಸತುವಿನ ಪ್ರೈಮರ್ ಬಳಿದು, ಜೋಡಿಗೆ ನೀರಿಳಿಯದ ಅಂಟು ತುಂಬಿ, ಹೊಟ್ಟೆಯ ಕೆಳಗೆ ಕರಿ ಲೇಪ ಕೊಟ್ಟರು. ಮುಗಿದ ಮೇಲೆ ಚಾಚಾ ಎರಡು ಸಣ್ಣ ತೂತು ತೋರಿಸಿ, "ಇವು ನೀರು ಹೋಗೋ ದಾರಿ, ಮುಚ್ಚಬ್ಯಾಡ್ರಿ ಅಕ್ಕೋರ" ಅಂದರು. ಅಂಗಳದ ಬಚ್ಚಲ ಕಿಂಡಿ ಯಾಕೆ ಬೇಕೆಂದು ನನಗೆ ಯಾರು ಹೇಳಬೇಕು!

ಮನೆಗೆ ಬಂದ ಮೇಲೆ ವಾದ ಶುರುವಾಯಿತು. ಮೊದಲನೆಯದು ದುಡ್ಡು. ಮ್ಯಾಟಿಗಿಂತ ತಗಡಿನ ಖರ್ಚು ಹತ್ತಾರು ಪಟ್ಟು, ಜೊತೆಗೆ ಮೂರು ದಿನ ಬಾಡಿಗೆ ಹೋಯಿತು, ನಿಜ. ಆದರೆ ಮ್ಯಾಟಿನ ಲೆಕ್ಕ ಹಾಕುವವರು ಕೊಳೆಯುತ್ತ ಹೋಗುವ ನೆಲದ ಲೆಕ್ಕ ಹಾಕುವುದಿಲ್ಲ. ಈ ಮಳೆಗಾಲದಲ್ಲಿ ಮೊರದಷ್ಟಿದ್ದದ್ದು ಬರುವ ಮಳೆಗಾಲದಲ್ಲಿ ಕ್ಯಾಬಿನ್ನಿನ ಅರ್ಧ ನೆಲವಾಗುತ್ತದೆ.

ಎರಡನೆಯದು, "ಇಷ್ಟು ಹಳೇ ಗಾಡಿಗಿ ಯಾಕ ರೊಕ್ಕ ಸುರೀತೀರಿ, ಗುಜರಿಗಿ ಹಾಕ್ರಿ" ಎಂಬುದು. ಕೇಂದ್ರ ಸರಕಾರ 2021ರಲ್ಲಿ ಗುಜರಿ ನೀತಿ ತಂದ ಮೇಲೆ ಈ ಮಾತಿಗೆ ತೂಕ ಬಂದಿದೆ. 15 ವರ್ಷ ದಾಟಿದ ಗಾಡಿಗಳ ಶುಲ್ಕವೂ 2022ರ ಏಪ್ರಿಲಿನಿಂದ ಏರಿತು. ಒಪ್ಪುತ್ತೇನೆ, ಸಾಯಬೇಕಾದ ಗಾಡಿ ಸಾಯಲಿ. ಆದರೆ ಯಾವುದು ಸತ್ತಿದೆ ಎಂದು ಬಗ್ಗಿ ನೋಡಿ ಹೇಳಿ. ಪಿಕಪ್ಪಿನಲ್ಲಿ ಕೆಳಗೆ ಚಾಸಿ ಬೇರೆ, ಅದರ ಮೇಲೆ ಕೂತ ಕ್ಯಾಬಿನ್ನು ಬೇರೆ. ಚಾಸಿಗೇ ಜಂಗು ಇಳಿದು ತೂತು ಬಿದ್ದಿದ್ದರೆ ನಾನೇ ಅದನ್ನು ಗುಜರಿಗೆ ಕಳಿಸುತ್ತಿದ್ದೆ. ಚಾಸಿ ಗಟ್ಟಿಯಿದ್ದು ಕ್ಯಾಬಿನ್ನಿನ ನೆಲ ಮಾತ್ರ ಹೋಗಿದ್ದರೆ ಗಾಡಿ ಎಸೆಯುವುದು, ಫರಸಿ ಒಡೆದಿದೆ ಎಂದು ಮನೆ ಕೆಡವಿದಂತೆ.

ಮೂರನೆಯದು ಎಲ್ಲಕ್ಕಿಂತ ಅಪಾಯದ ವಾದ: "ಫಿಟ್ನೆಸ್ ಪಾಸ್ ಆಗ್ಯದಲ್ಲ." ಬಾಡಿಗೆ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಯೋಗ್ಯತಾ ಪತ್ರ ಬೇಕು. ಪತ್ರ ಬೇಕೇ ಬೇಕು. ಆದರೆ ಅದು ಪರೀಕ್ಷೆ ಮಾಡಿದ ದಿನದ ಮಾತು. ವರ್ಷದ ಉಳಿದ ದಿನಗಳಲ್ಲಿ ಮ್ಯಾಟು ಎತ್ತಿ ನೋಡಬೇಕಾದವರು ಗಾಡಿ ಯಾರ ಹೆಸರಿನಲ್ಲಿದೆಯೋ ಅವರು.

ಇಲ್ಲಿಯವರೆಗೆ ಕ್ಯಾಬಿನ್ನಿನ ಮಾತಾಯಿತು. ಹಿಂದಿನ ಡಾಲಾದ ನೆಲದ ಮೇಲೆ ಯಾರು ಕೂರುತ್ತಾರೆ? ತೊಗರಿ, ಸೋಯಾ ಹೊಲದ ಕಳೆಗೆ, ಕಟಾವಿಗೆ ಹೊರಟ ಹೆಂಗಸರು. ಬೆಳಗಾಗುವ ಮೊದಲೇ ಬುತ್ತಿಗಂಟು ಹಿಡಿದು ನಿಂತಿರುತ್ತಾರೆ, ಛೋಟಾ ಹಾಥಿಯೋ ಪಿಕಪ್ಪೋ ಟಂಟಂ ಆಟೋವೋ ಬಂದರೆ ಕುರಿಗಳಂತೆ ತುಂಬಿಕೊಳ್ಳುತ್ತಾರೆ. 2022ರ ನವೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಚಿಟಗುಪ್ಪ ತಾಲ್ಲೂಕಿನ ಬೇಮಳಖೇಡದ ಬಳಿ, ಕೂಲಿ ಮುಗಿಸಿ ಮರಳುತ್ತಿದ್ದ ಹೆಂಗಸರ ಆಟೋಗೂ ಲಾರಿಗೂ ಡಿಕ್ಕಿಯಾಗಿ ಏಳು ಹೆಂಗಸರು ತೀರಿಕೊಂಡರು. ಅದು ನೆಲದ ಜಂಗಿನಿಂದ ಆದದ್ದಲ್ಲ. ಆದರೆ ಕೂಲಿ ಹೆಂಗಸಿನ ಜೀವ ಯಾವ ತಗಡಿನ ಮೇಲೆ ಕೂತು ಓಡಾಡುತ್ತದೆ ಎಂದು ಕೇಳಲು ನಮಗೆ ಇನ್ನೆಷ್ಟು ಹೆಣ ಬೇಕು?

ಸರಕು ಗಾಡಿಯಲ್ಲಿ ಜನರನ್ನು ತುಂಬುವುದು ಕಾನೂನಿಗೆ ವಿರುದ್ಧ. ಇನ್ನೊಂದು ಸಂಗತಿ ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಸರಕು ಗಾಡಿಯಲ್ಲಿ ಹೀಗೆ ಪುಕ್ಕಟೆ ಕೂತು ಹೋಗುವವರಿಗೆ ಅಪಘಾತವಾದರೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಆಗ ಪರಿಹಾರದ ಭಾರ ಯಾರ ತಲೆಗೆ? ಆರ್.ಸಿ. ಪುಸ್ತಕದಲ್ಲಿ ಹೆಸರಿರುವವರ ತಲೆಗೆ. ಅಂದರೆ, ಸಾಲ ಸುಲಭವಾಗಿ ಸಿಗುತ್ತದೆಂದು ಹೆಂಡತಿಯ, ಅತ್ತಿಗೆಯ, ತಾಯಿಯ ಹೆಸರಿಗೆ ತೆಗೆದ ಗಾಡಿಯಲ್ಲಿ ಆ ತಲೆ ಹೆಂಗಸಿನದು. ಹೊಲದಲ್ಲಿ ಸಾಯುವವಳೂ ಹೆಂಗಸು, ಕೋರ್ಟಿನಲ್ಲಿ ನಿಲ್ಲುವವಳೂ ಹೆಂಗಸು. ನಮ್ಮ ಗಾಡಿಯ ಡಾಲಾದಲ್ಲಿ ಮನುಷ್ಯರು ಹತ್ತಕೂಡದು ಎಂದು ನಾನು ಕಡ್ಡಾಯ ಮಾಡಿದ್ದೇನೆ. ಇದರಿಂದ ನಮ್ಮ ಹೊಲಕ್ಕೆ ಆಳು ಸಿಗುವುದು ತಡವಾಗುತ್ತದೆ ಎಂಬ ಗೊಣಗಾಟ ಮನೆಯಲ್ಲಿ ಇಂದಿಗೂ ಇದೆ. ಇರಲಿ.

2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ಶಕ್ತಿ ಯೋಜನೆ ನಮಗೆ ದೊಡ್ಡ ಬಲವೇ ಸರಿ. ಆದರೆ ನಸುಕಿನಲ್ಲಿ ಹೊಲದ ದಾರಿಗೆ ಬಸ್ಸೇ ಇಲ್ಲದಿದ್ದರೆ ಪುಕ್ಕಟೆ ಟಿಕೆಟು ಇಟ್ಟುಕೊಂಡು ಏನು ಮಾಡುವುದು? ಸುಗ್ಗಿಯ ತಿಂಗಳುಗಳಲ್ಲಾದರೂ ಔರಾದ, ಭಾಲ್ಕಿಯ ಹಳ್ಳಿಗಳಿಗೆ ಕೂಲಿಯವರ ವೇಳೆಗೆ ಬಸ್ಸು ಬಿಡಿ ಎಂದು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮವನ್ನು ನಾವು ಪಟ್ಟಣದ ಹೆಂಗಸರು ಯಾಕೆ ಕೇಳಬಾರದು? ನಮ್ಮ ಅಡುಗೆಮನೆಯ ತೊಗರಿಬೇಳೆ ಆ ಕೈಗಳಿಂದಲೇ ಬಂದದ್ದಲ್ಲವೆ?

ಬೀದರಿನವರಿಗೆ ಲೋಹದ ಮರ್ಯಾದೆ ಗೊತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ. ಸತುವು, ತಾಮ್ರ ಕರಗಿಸಿ ಎರಕ ಹೊಯ್ದು, ಗೆರೆ ಕೊರೆದು, ಬೆಳ್ಳಿಯ ತಂತಿ ಕೂಡಿಸಿ, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕಪ್ಪು ಹಿಡಿಸುವ ಬಿದರಿ ಕಲೆ ನಮ್ಮದು. ಆ ಕೆಲಸಕ್ಕಾಗಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಊರೆಲ್ಲ ಹಿಗ್ಗಿತು. ಬಿದರಿಯ ಮೂಲಲೋಹವಾದ ಸತುವೇ ಬಕೆಟ್ಟಿನ ಕಬ್ಬಿಣವನ್ನು ಜಂಗಿನಿಂದ ಕಾಯುವುದು, ನಮ್ಮ ಗಾಡಿಯ ಹೊಸ ನೆಲಕ್ಕೆ ಬಳಿದದ್ದೂ ಅದೇ. ಕಪಾಟಿನಲ್ಲಿಡುವ ಹೂದಾನಿಗೆ ಇಷ್ಟು ಶ್ರದ್ಧೆ ತೋರುವ ಊರು, ಮನುಷ್ಯರು ಕಾಲೂರುವ ತಗಡಿಗೆ ಮ್ಯಾಟು ಸಾಕು ಎನ್ನುವುದು ಯಾವ ನ್ಯಾಯ?

ಆದ್ದರಿಂದ ತಂಗಿಯರೇ, ಗಾಡಿ ನಿಮ್ಮ ಹೆಸರಿನಲ್ಲಿದ್ದರೆ, ಸಂಘದ ಸಾಲದಲ್ಲಿ ತೆಗೆದದ್ದಾಗಲಿ, ಪಗಾರದ ಮೇಲೆ ತೆಗೆದದ್ದಾಗಲಿ, ಸಹಿಗೆ ಮೊದಲು ಮ್ಯಾಟು ಎತ್ತಿಸಿ. ಎತ್ತಲು ಹಿಂದೆಮುಂದೆ ನೋಡುವವರ ಗಾಡಿ ಬೇಡ. ಸುತ್ತಿಗೆಯಿಲ್ಲದಿದ್ದರೆ ಒಂದು ಕೀಲಿಕೈಯಿಂದಲಾದರೂ ತಟ್ಟಿ ನೋಡಿ, ಸದ್ದು ನಿಮಗೆ ತಿಳಿಯುತ್ತದೆ. ರಿಪೇರಿಗೆ ಕೊಟ್ಟಾಗ ಕೊಳೆತದ್ದನ್ನು ಕತ್ತರಿಸಿ ತೆಗೆದ ತುಂಡುಗಳನ್ನು ವಾಪಸು ಕೇಳಿ. ಮೇಲೆ ಮುಚ್ಚಿದವರ ಬಳಿ ಕೊಡಲು ತುಂಡು ಇರುವುದಿಲ್ಲ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ, ದಸರೆಯ ಆಯುಧ ಪೂಜೆಗೆ ಗಾಡಿ ತೊಳೆಯುತ್ತೀರಲ್ಲ, ಆ ದಿನ ಬಾನೆಟ್ಟಿಗೆ ಕುಂಕುಮ ಹಚ್ಚುವ ಮೊದಲು ಹೊಟ್ಟೆಯ ಕೆಳಗೆ ನೀರು ಹೊಡೆಸಿ, ಮ್ಯಾಟು ಬಿಸಿಲಿಗೆ ಹಾಕಿ, ನೆಲ ಒಣಗಿದೆಯೇ ನೋಡಿ. ಯಾರಾದರೂ "ನಿಮಗ ತಿಳಿಯಂಗಿಲ್ರಿ" ಎಂದರೆ, ನೆಲ ಒರೆಸಿದವರು ಯಾರು ಎಂದು ಅವರನ್ನು ಕೇಳಿ.