ಬ್ಯಾಟರಿ ಸತ್ತರೆ ಕಾಯಿಲ್ ಎಸೆಯಬೇಕೇ?

ಫ್ರಾನ್ಸಿನ ಎಕ್ಸ್‌ಪಿ ಕಂಪನಿಯ ಡಿಯಸ್ ಮೆಟಲ್ ಡಿಟೆಕ್ಟರ್‌ನಲ್ಲಿ ನೆಲದ ಮೇಲೆ ಆಡಿಸುವ ಕಾಯಿಲ್‌ಗೆ ವೈರ್ ಇಲ್ಲ. ಅದರಲ್ಲೇ ಲಿಥಿಯಂ ಬ್ಯಾಟರಿ ಇದೆ. ಇಂಥ ಬ್ಯಾಟರಿ ಕೆಲವು ವರ್ಷಗಳಲ್ಲಿ ಸವೆಯುವುದು ಸಹಜ. ಆದರೆ ಮೊದಲ ಕಾಯಿಲ್‌ಗಳಲ್ಲಿ ಅದನ್ನು ಒಳಗೇ ಸೀಲ್ ಮಾಡಿದ್ದರಿಂದ, ಬದಲಾಯಿಸಲು ಪ್ಲಾಸ್ಟಿಕ್ ಕೊಯ್ಯಬೇಕು. ಬ್ಲೇಡ್ ಸೆಲ್‌ಗೆ ತಾಗಿದರೆ ಬೆಂಕಿ ಹತ್ತಬಹುದು. ಸರಿಯಾಗಿ ಮುಚ್ಚದಿದ್ದರೆ ನೀರು ಇಳಿಯುತ್ತದೆ.

ನೀರು ತಡೆಯಲು ಸೀಲ್ ಬೇಕೆಂಬ ಮಾತು ನಿಜವೇ. ಆದರೂ ಅದೇ ಕಂಪನಿಯ ಎಕ್ಸ್35 ಕಾಯಿಲ್‌ನಲ್ಲಿ ಬ್ಯಾಟರಿ ಬಿಚ್ಚಿ ಬೇರೆ ಹಾಕಬಹುದು. ಮನಸ್ಸಿದ್ದರೆ ಮಾರ್ಗ! ಯುರೋಪ್ ಒಕ್ಕೂಟದ ನಿಯಮದಂತೆ 2027ರ ಫೆಬ್ರವರಿ 18ರಿಂದ ಹೆಚ್ಚಿನ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ಬದಲಾಯಿಸುವಂತಿರಬೇಕು.

ನಾವೂ ಇಯರ್‌ಬಡ್, ಸ್ಪೀಕರ್ ಕೊಳ್ಳುವಾಗ ಅಂಗಡಿಯಲ್ಲಿ ಕೇಳೋಣ: "ಬ್ಯಾಟರಿ ಬದಲಾಯಿಸಬಹುದೇ?" ಚಿಕ್ಕ ಸೆಲ್‌ಗಾಗಿ ಚೆನ್ನಾಗಿರುವ ಇಡೀ ವಸ್ತುವನ್ನು ಎಸೆಯುವುದು ನಮಗೆ ಒಪ್ಪಿಗೆಯಿಲ್ಲ.